ತೊಟ್ಟಿಲ ಹಗ್ಗದ ಆ ತುದಿ

ಬೆಂಗಳೂರಿನ ಕಚೇರಿ ಗಂಗಾವತಿಯ ಮಾಳಿಗೆಗೆ ಬಂದು ಕುಳಿತಿದೆ. ಕೂಸು ಕೆಳಗಿನ ಪಡಸಾಲೆಯಲ್ಲಿದೆ. ನಡುವಣ ಹದಿನಾಲ್ಕು ಮೆಟ್ಟಿಲುಗಳನ್ನು ಕಾಯುತ್ತಿದ್ದವಳು ನಾಟಿಗೆ ಹೋದ ದಿನ, ‘ಮನೆಯಿಂದ ಕೆಲಸ’ವೆಂಬುದು ಯಾರ ಕೆಲಸದ ಮೇಲೆ ನಿಂತಿದೆಯೆಂಬುದು ಮನೆಮಂದಿಗೆಲ್ಲ ತಿಳಿಯಿತು.

ಶ್ರಾವಣದ ಮೊದಲ ಸೋಮವಾರ. ಗಡಿಯಾರವು ಒಂಬತ್ತು ಬಾರಿಸುವುದಕ್ಕೆ ಇನ್ನೂ ಐದು ನಿಮಿಷವಿತ್ತು. ಮಾಳಿಗೆಯ ಕೋಣೆಯಲ್ಲಿ ನನ್ನ ಸೊಸೆ ಲ್ಯಾಪ್‌ಟಾಪನ್ನು ತೆರೆದು, ಕಿವಿಗೆ ಹೆಡ್‌ಫೋನನ್ನೇರಿಸಿ, ಬೆಂಗಳೂರಿನ ಮೇಲಧಿಕಾರಿಗಳ ಮುಖಗಳು ಪರದೆಯ ಮೇಲೆ ಒಂದೊಂದಾಗಿ ಮೂಡುವುದನ್ನು ಕಾಯುತ್ತಿದ್ದಳು. ಕೆಳಗೆ ಹನ್ನೊಂದು ತಿಂಗಳ ಮೊಮ್ಮಗಳು ರಾಗಿ ಗಂಜಿಯ ಬಟ್ಟಲನ್ನು ನೆಲಕ್ಕೆ ಬೋರಲು ಹಾಕಿ, ತನ್ನ ಕಾರ್ಯದ ಫಲವನ್ನು ಗಂಭೀರವಾಗಿ ಪರೀಕ್ಷಿಸುತ್ತಿದ್ದಳು. ಈ ಎರಡು ಲೋಕಗಳಿಗೂ ಸಮಾನವಾಗಿ ನಿರುಪಯೋಗಿಯಾದ ನಾನು ತಲಬಾಗಿಲ ಕಡೆಗೆ ನೋಡುತ್ತ ಕುಳಿತಿದ್ದೆನು.

ಬರಬೇಕಾದವಳು ಬರಲಿಲ್ಲ. ಬಂದುದು ಅವಳ ಫೋನು.

“ಯಜಮಾನ್ರ, ನೆಲ್ಲು ಹಚ್ಚಾಕ ಹೊಂಟೀನ್ರಿ. ನಾಟಿ ಮುಗಿಯೂ ಮಟ ಬರಾಕ ಆಗಂಗಿಲ್ಲ ನೋಡ್ರಿ.”

ಇದರಲ್ಲಿ ಅವಳ ದೋಷವನ್ನು ನಾನು ಕಾಣೆ. ಮುನಿರಾಬಾದಿನ ಅಣೆಕಟ್ಟಿನಿಂದ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟಿತೆಂದರೆ ಗಂಗಾವತಿ, ಕಾರಟಗಿಗಳ ಸೀಮೆಯಲ್ಲಿ ಗಡಿಯಾರವೂ ಪಂಚಾಂಗವೂ ನೀರಿನ ಅಧೀನವಾಗುತ್ತವೆ. ಸಸಿಮಡಿಯಲ್ಲಿ ಬೆಳೆದು ನಿಂತ ಭತ್ತದ ಸಸಿಯು ಯಾರ ಮೀಟಿಂಗಿಗಾಗಿಯೂ ಕಾಯುವುದಿಲ್ಲ. ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಯ ಲೆಕ್ಕದಲ್ಲಿ ಗುತ್ತಿಗೆ ಹಿಡಿದು ನಾಟಿ ಹಚ್ಚುವ ಆ ಕೆಲವು ವಾರಗಳ ಗಳಿಕೆಯು, ಪರರ ಕೂಸನ್ನು ಆಡಿಸಿ ಗಳಿಸುವುದಕ್ಕಿಂತ ಮಿಗಿಲು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೆಯ ಕ್ರಸ್ಟ್‌ಗೇಟು ಕೊಚ್ಚಿಹೋದಾಗ ಈ ಸೀಮೆಯು ಉಸಿರು ಬಿಗಿಹಿಡಿದು ಕುಳಿತಿದ್ದುದನ್ನು ಕಂಡವರಿಗೆ, ನೀರಿನ ಕರೆಗೆ ಕೂಲಿಯವಳು ಓಗೊಡುವುದು ವಿಸ್ಮಯವೆನಿಸಲಾರದು.

ಆದರೆ ಆ ದಿನ ಮಧ್ಯಾಹ್ನದೊಳಗೆ ಸೊಸೆಯು ಹದಿನಾಲ್ಕು ಮೆಟ್ಟಿಲುಗಳನ್ನು ಒಂಬತ್ತು ಸಲ ಇಳಿದು ಒಂಬತ್ತು ಸಲ ಹತ್ತಿದಳು. ಹತ್ತನೆಯ ಸಲ ಕೂಸನ್ನು ಎತ್ತಿಕೊಂಡೇ ಹತ್ತಿದಳು; ಪರದೆಯ ಮೇಲಿದ್ದವರಿಗೆ ಅದು ಕೈಬೀಸಿತು; ಎಲ್ಲರೂ ಮುಗುಳ್ನಕ್ಕರು; ಆ ನಗೆಯ ಬೆನ್ನಿಗೇ, ನಿನ್ನೆ ಬರಬೇಕಾಗಿದ್ದ ವರದಿಯು ಇನ್ನೂ ಬಂದಿಲ್ಲವೆಂಬ ವಿನಯಪೂರ್ವಕವಾದ ಜ್ಞಾಪನೆಯೂ ಬಂದಿತು.

ರೈಲಿಗಿಂತ ಮೊದಲು ಬಂದ ಕಚೇರಿ

2020ರ ಮಾರ್ಚಿನಲ್ಲಿ ದೇಶದ ಕದಗಳು ಮುಚ್ಚಿದಾಗ, ಬೆಂಗಳೂರಿನ ಬಾಡಿಗೆಮನೆಗಳಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ತಮ್ಮ ತಮ್ಮ ಓಣಿಗಳಿಗೆ ಮರಳಿದ ಯುವಕ ಯುವತಿಯರು, ಇದು ಹದಿನೈದು ದಿನದ ಮಾತೆಂದು ಭಾವಿಸಿ ಎರಡೇ ಜೊತೆ ಬಟ್ಟೆಯನ್ನು ತಂದಿದ್ದರು. ಕೆಲವರು ಹಿಂದಿರುಗಿದರು, ಕೆಲವರು, ಬಾಡಿಗೆಯೂ ಉಳಿಯಿತು, ಹೆತ್ತವರ ಸನ್ನಿಧಿಯೂ ದೊರೆಯಿತು ಎಂದು ಇಲ್ಲಿಯೇ ನಿಂತರು, ಅವರಿಗೆ ಮಕ್ಕಳಾದುವು. ಕುಷ್ಟಗಿಗೆ ಪ್ರಯಾಣಿಕರ ರೈಲು ಬಂದುದು 2025ರಲ್ಲಿ. ಬೆಂಗಳೂರಿನ ಕಚೇರಿಯು ಅದಕ್ಕೂ ಐದು ವರುಷ ಮುಂಚೆಯೇ ತಂತಿಯ ಮಾರ್ಗವಾಗಿ ಬಂದು ತಲುಪಿತ್ತು.

ಈ ಏರ್ಪಾಡನ್ನು ನಮ್ಮ ಕಾಲದ ನೂತನಾವಿಷ್ಕಾರವೆಂದು ಕೊಂಡಾಡುವವರು ಕೊಪ್ಪಳದಿಂದ ಹನ್ನೆರಡು ಹದಿಮೂರು ಕಿಲೋಮೀಟರು ದೂರದ ಕಿನ್ನಾಳಕ್ಕೆ ಒಮ್ಮೆ ಹೋಗಿಬರುವುದೊಳಿತು. ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಮೈಗೊಳಿಸಿ, ಬಣ್ಣವಿಟ್ಟು ಬೊಂಬೆಗಳನ್ನು ಮಾಡುವ ಚಿತ್ರಗಾರರ ಆ ಮನೆಗಳಲ್ಲಿ ಕಾರ್ಖಾನೆಯಾವುದು, ಪಡಸಾಲೆಯಾವುದು ಎಂಬ ಭೇದವೇ ಇಲ್ಲ. ಅಪ್ಪನು ಉಳಿ ಹಿಡಿದಿರುತ್ತಾನೆ, ಅವ್ವನು ಕುಂಚ ಹಿಡಿದಿರುತ್ತಾಳೆ, ಕೂಸು ನಡುವೆ ತೆವಳುತ್ತಿರುತ್ತದೆ.

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ, ಪರದೇಶಗಳಿಗೆ ಹೋಗುವ ತಲೆಗೂದಲನ್ನು ಬಿಡಿಸಿ ವಿಂಗಡಿಸುವ ಹೆಂಗಸರು ಮನೆಯಂಗಳದಲ್ಲಿಯೇ ಕುಳಿತು ದುಡಿಯುತ್ತಾರೆ. ಇಳಕಲ್ಲಿಗೆ ಸಮೀಪವಾದ ಕುಷ್ಟಗಿಯ ಕಡೆಯ ನೇಕಾರರ ಮನೆಗಳಲ್ಲಿ, ಗುಣಿಮಗ್ಗದೊಳಗೆ ಕಾಲಿಳಿಬಿಟ್ಟು ಲಾಳಿ ಎಸೆಯುವ ತಾಯಿಯು, ಜೋಳಿಗೆಯ ಹಗ್ಗದ ಒಂದು ತುದಿಯನ್ನು ಕೈಗೆಟಕುವಂತೆ ಕಟ್ಟಿಕೊಂಡು, ಕೂಸು ಕುಸುಗುಟ್ಟಿದಾಗಲೆಲ್ಲ ಒಂದು ಜಗ್ಗು ಜಗ್ಗಿ ಮತ್ತೆ ಲಾಳಿಗೆ ಕೈ ಹಾಕುವುದು ಎಷ್ಟೋ ತಲೆಮಾರುಗಳ ಅಭ್ಯಾಸ.

ಹಾಗಾದರೆ ನನ್ನ ಸೊಸೆಗೇಕೆ ಅದು ದುಸ್ಸಾಧ್ಯವಾಯಿತು? ಲಾಳಿಯು ಒಂದು ಕ್ಷಣ ನಿಂತರೆ ಸೀರೆಯು ಒಂದು ಕ್ಷಣ ತಡವಾಗುತ್ತದೆ, ಅಷ್ಟೆ. ಸೀರೆಯು ನೇಕಾರ್ತಿಯ ಮುಖವನ್ನು ನೋಡುತ್ತಿರುವುದಿಲ್ಲ. ಮಾಳಿಗೆಯ ಯಂತ್ರವಾದರೋ ನೋಡುತ್ತಿರುತ್ತದೆ. ಕೈಯನ್ನು ಮಾತ್ರವಲ್ಲದೆ ಗಮನವನ್ನೂ ಸಮಗ್ರವಾಗಿ ಬೇಡುವ ಕೆಲಸವದು. ಕೂಸು ಬೇಡುವುದೂ ಅದನ್ನೇ. ಒಂದು ಗಮನವನ್ನು ಇಬ್ಬರು ಏಕಕಾಲದಲ್ಲಿ ಕೇಳಿದಾಗ ಮೂರನೆಯವರು ಬೇಕಾಗುತ್ತದೆ.

ಐವರ ಕೆಲಸ, ಒಬ್ಬಳ ಸಂಬಳ

ಈ ಮೂರನೆಯವಳಿಗೆ ಕನ್ನಡದಲ್ಲಿ ಹೆಸರಿಗೇನೂ ಬರವಿಲ್ಲ. ಪೇಟೆಯವರು ಆಯಾ ಎನ್ನುವರು, ನಮ್ಮ ಕಡೆ ‘ಕೂಸು ಹಿಡಿಯಾಕಿ’ ಎಂದರೆ ಸಾಕು, ಗ್ರಾಂಥಿಕರಿಗೆ ದಾದಿ. ದಾದಿಯೆಂಬ ಮಾತು ಸಂಸ್ಕೃತದ ಧಾತ್ರಿಯಿಂದ ಬಂದುದು. ಧಾತ್ರಿಯೆಂದರೆ ಭೂಮಿಯೂ ಹೌದು, ಧರಿಸುವವಳೆಂಬ ಅರ್ಥದಲ್ಲಿ.

ಒಂದಾನೊಂದು ಕಾಲದಲ್ಲಿ ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಗಿ ಮೆರೆದ ಈ ಕೊಪ್ಪಳದ ನೆಲದಲ್ಲಿ ಜೈನಾಗಮಗಳ ಒಂದು ಮಾತನ್ನು ಸ್ಮರಿಸುವುದು ಅನುಚಿತವಾಗದು. ಸಿರಿವಂತರ ಮನೆಯ ಶಿಶುವನ್ನು ಬೆಳೆಸಲು ಆ ಗ್ರಂಥಗಳು ಒಬ್ಬಳಲ್ಲ, ಐವರು ಧಾತ್ರಿಯರನ್ನು ಹೇಳುತ್ತವೆ. ಒಬ್ಬೊಬ್ಬಳಿಗೂ ಒಂದೊಂದೇ ಕಾರ್ಯ. ಕೂಸನ್ನು ಬೆಳೆಸುವುದು ಒಬ್ಬಳಿಂದಾಗುವ ಕೆಲಸವಲ್ಲವೆಂಬುದನ್ನು ಆ ಪ್ರಾಚೀನರು ಯಾವ ಸಂಕೋಚವೂ ಇಲ್ಲದೆ ಒಪ್ಪಿಕೊಂಡಿದ್ದರು. ನಾವಾದರೋ ಐದನ್ನೂ ಒಬ್ಬ ತಾಯಿಗೆ ಹೊರಿಸಿ, ಜೊತೆಗೆ ಒಂದು ಲ್ಯಾಪ್‌ಟಾಪನ್ನೂ ಕೊಟ್ಟು, ಸೋತಳೆಂದರೆ ಅವಳ ಮಾತೃತ್ವದಲ್ಲಿಯೇ ಕೊರತೆಯನ್ನು ಹುಡುಕುತ್ತೇವೆ.

> ಐವರು ಧಾತ್ರಿಯರು
>
> ಕ್ಷೀರಧಾತ್ರಿ: ಹಾಲೂಡುವವಳು
> ಮಜ್ಜನಧಾತ್ರಿ: ಎರೆದು ಮೀಯಿಸುವವಳು
> ಮಂಡನಧಾತ್ರಿ: ಉಡಿಸಿ ತೊಡಿಸುವವಳು
> ಕ್ರೀಡನಧಾತ್ರಿ: ಆಟವಾಡಿಸುವವಳು
> ಅಂಕಧಾತ್ರಿ: ತೊಡೆಯ ಮೇಲಿಟ್ಟುಕೊಳ್ಳುವವಳು, ಇಂದಿನ ಭಾಷೆಯಲ್ಲಿ, ‘ಸ್ವಲ್ಪ ಹಿಡ್ಕೋರಿ’ ಎಂದಾಗ ಹಿಡಿಯುವವಳು

ಬಾಗಿಲನ್ನು ಯಾರು ತಟ್ಟುವರು?

ನನ್ನ ಮಗನೂ ಮನೆಯಿಂದಲೇ ಕೆಲಸ ಮಾಡುವವನು. ಅವನ ಕೋಣೆಗೂ ಬಾಗಿಲಿದೆ, ಸೊಸೆಯ ಕೋಣೆಗೂ ಬಾಗಿಲಿದೆ. ಸೊಸೆಯ ಬಾಗಿಲನ್ನು ಕೂಸು ತಟ್ಟುತ್ತದೆ, ಮಗನ ಬಾಗಿಲನ್ನು ಚಹಾ ತಟ್ಟುತ್ತದೆ. ಈ ವ್ಯತ್ಯಾಸವನ್ನು ಯಾರೂ ಕಾನೂನು ಮಾಡಿ ಗೊತ್ತುಪಡಿಸಲಿಲ್ಲ. ನಮ್ಮ ಮನೆಯ ಗೋಡೆಗಳೇ ಅದನ್ನು ಬಲ್ಲುವು. ಮಾತನ್ನು ಮಗನ ಮೇಲೆ ಹಾಕಿ ನಾನು ಪಾರಾಗುವಂತೆಯೂ ಇಲ್ಲ, ಏಕೆಂದರೆ ಅವನನ್ನು ಬೆಳೆಸಿದ ದಿನಗಳಲ್ಲಿ ನನ್ನ ಬಾಗಿಲನ್ನೂ ಚಹಾವೇ ತಟ್ಟುತ್ತಿತ್ತು.

2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ನಡೆಸಿದ ಸಮಯ ಬಳಕೆಯ ಸಮೀಕ್ಷೆಯು ಇದನ್ನೇ ನಿಮಿಷಗಳಲ್ಲಿ ಅಳೆಯಿತು. ಮನೆಮಂದಿಗಾಗಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಕೊಡುತ್ತಿದ್ದರೆ, ಅದರಲ್ಲಿ ತೊಡಗಿದ ಗಂಡಸರು ಕೊಡುತ್ತಿದ್ದುದು 97; ಆರೈಕೆಯ ವಿಷಯದಲ್ಲಿ 134ಕ್ಕೆ ಎದುರು 76. ‘ತೊಡಗಿದ ಗಂಡಸರು’ ಎಂಬ ಮಾತನ್ನು ಓದುಗರು ಗಮನಿಸಬೇಕು; ತೊಡಗದಿದ್ದವರು ಈ ಸರಾಸರಿಯಲ್ಲಿಲ್ಲ.

ಮನೆಯಿಂದ ಕೆಲಸವೆಂಬುದನ್ನು ಸಾಂಕ್ರಾಮಿಕವೇ ಕಲಿಸಿತೆಂಬುದೂ ಪೂರ್ಣಸತ್ಯವಲ್ಲ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಯನ್ನು ತಿದ್ದಿದವರು, ಹೆರಿಗೆಯ ರಜೆಯು ತೀರಿದ ಮೇಲೆ ಕೆಲಸದ ಸ್ವರೂಪವು ಆಸ್ಪದವಿತ್ತರೆ ಉಭಯರೂ ಒಪ್ಪಿ ಮನೆಯಿಂದಲೇ ಮಾಡಬಹುದೆಂದು ಆಗಲೇ ಬರೆದಿದ್ದರು. ಕಾಯ್ದೆಯು ತಾಯಿಯನ್ನು ಮನೆಗೆ ಕಳುಹಿಸಿತು. ಮನೆಯಲ್ಲಿ ಕೂಸನ್ನು ಹಿಡಿಯುವವರು ಯಾರೆಂಬುದನ್ನು ಮಾತ್ರ ಕೇಳಲಿಲ್ಲ.

> ಕಾನೂನಿನ ತೊಟ್ಟಿಲುಗಳು
>
> 1948: ಕಾರ್ಖಾನೆಗಳ ಕಾಯ್ದೆಯಲ್ಲಿ ಶಿಶುಗೃಹದ ನಿಯಮ, ಮೊದಲು 50ಕ್ಕೂ ಹೆಚ್ಚು ಹೆಂಗಸರಿರುವಲ್ಲಿ, 1976ರ ತಿದ್ದುಪಡಿಯಿಂದ 30ಕ್ಕೂ ಹೆಚ್ಚು ಹೆಂಗಸರಿರುವಲ್ಲಿ.
> 1975: ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂಗನವಾಡಿಗಳ ಆರಂಭ.
> 1996: 50ಕ್ಕೂ ಹೆಚ್ಚು ಹೆಂಗಸರು ದುಡಿಯುವ ಕಟ್ಟಡ ಕಾಮಗಾರಿಯಲ್ಲಿ ಮಕ್ಕಳಿಗೆ ಕೋಣೆ.
> 2005: ಉದ್ಯೋಗ ಖಾತರಿ ಕಾಯ್ದೆ: ಕಾಮಗಾರಿಯ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬಳಿಗೆ ಕೂಲಿ.
> 2017: ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ, 50 ಮಂದಿ ನೌಕರರಿರುವಲ್ಲಿ ಶಿಶುಗೃಹ, ತಾಯಿಗೆ ದಿನಕ್ಕೆ ನಾಲ್ಕು ಸಲ ಕೂಸನ್ನು ಕಾಣುವ ಅವಕಾಶ.

ಸಂಬಳ ಕೇಳದ ದಾದಿ

ನಾಟಿಯ ಎರಡನೆಯ ದಿನ ನಮ್ಮ ಮನೆಯಲ್ಲಿ ಹೊಸದೊಂದು ದಾದಿಯು ಕೆಲಸಕ್ಕೆ ನಿಂತಿತು. ಅದು ರಜೆ ಕೇಳದು, ನಾಟಿಗೆ ಹೋಗದು, ಕೂಸಿನ ಮುಂದೆ ನಿಲ್ಲಿಸಿದರೆ ಸಾಕು, ಬಣ್ಣಬಣ್ಣದ ಬಾತುಕೋಳಿಗಳನ್ನು ಕುಣಿಸುತ್ತ ಮಧ್ಯಾಹ್ನವನ್ನು ನುಂಗಿಬಿಡುವುದು. ಒಂದು ವರ್ಷದೊಳಗಿನ ಕೂಸಿಗೆ ಪರದೆಯನ್ನು ತೋರಿಸಲೇಕೂಡದೆಂದೂ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ತಾಸನ್ನು ಮೀರಕೂಡದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿರುವುದನ್ನು ಬಲ್ಲ ಸೊಸೆಯು ಮೊಬೈಲನ್ನು ಕೂಸಿನ ಮುಂದಿಟ್ಟಳು; ಇಟ್ಟು, ತನ್ನ ಕೋಣೆಗೆ ಹೋಗಿ, ಮೈಕನ್ನು ಮುಚ್ಚಿಕೊಂಡು ಅತ್ತಳು.

ತಾಯಿಯಲ್ಲದವಳ ಕೈಯಲ್ಲಿ ಬೆಳೆದ ಕೂಸು ತಾಯಿಯನ್ನು ಮರೆಯುವುದೆಂಬ ಅಂಜಿಕೆಯೂ ಅವಳಿಗಿತ್ತು. ಈ ಅಂಜಿಕೆಗೆ ಅರುವತ್ತು ವರ್ಷಗಳ ಹಿಂದೆಯೇ ಒಂದು ಉತ್ತರ ದೊರೆತಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 60 ಶಿಶುಗಳನ್ನು ಅವರವರ ಮನೆಗಳಲ್ಲಿಯೇ ಅವಲೋಕಿಸಿದ ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೂವರೆ ವರ್ಷವಾಗುವಷ್ಟರಲ್ಲಿ ಬಹುಪಾಲು ಶಿಶುಗಳು ಒಬ್ಬರಿಗಿಂತ ಹೆಚ್ಚು ಜನರನ್ನು ತಮ್ಮವರೆಂದು ಹಚ್ಚಿಕೊಂಡಿದ್ದುವು. ಬರಿಯ ಉಣಿಸುವವರನ್ನಲ್ಲ, ಕರೆದಾಗ ಓಗೊಡುವವರನ್ನು. ಕೂಸಿನ ಎದೆಯಲ್ಲಿ ಸ್ಥಳವು ಸಂಕುಚಿತವಲ್ಲ. ಅದಕ್ಕೆ ಬೇಕಾದುದು ನಿನ್ನೆ ಬಂದವಳೇ ಇಂದೂ ಬರುವಳೆಂಬ ಭರವಸೆ.

ಹಾಗೆ ನೋಡಿದರೆ ಸಂಬಳದ ವಿಷಯದಲ್ಲಿ ನಾವು ಮಾಡುವ ಜುಗ್ಗತನವು ಕೊನೆಗೆ ತಟ್ಟುವುದು ಕೂಸಿಗೇ. ಕಡಿಮೆ ಕೂಲಿಯ ದಾದಿಯು ನೀರು ಬಂದೊಡನೆ ಹೊಲಕ್ಕೆ ಹೋಗುವಳು. ಮರಳಿ ಬರುವಷ್ಟರಲ್ಲಿ ಬೇರೊಬ್ಬಳು ಬಂದಿರುವಳು. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಲ್ಲಿಯೇ ಗೊತ್ತುಪಡಿಸಿದ ರಾಜ್ಯ ನಮ್ಮದು. ಮನೆಗೆಲಸವೂ ಕೆಲಸವೇ ಎಂಬ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರ ಜೂನ್ 16ರಂದು ಅಂಗೀಕರಿಸಿತು. ನಮ್ಮ ಮನೆಯಲ್ಲಿ ಅದುವರೆಗೆ ನಡೆದುಬಂದಿದ್ದುದು ಇವೆರಡೂ ಅಲ್ಲ; ‘ನೋಡಿ ಕೊಡೂಣು’ ಎಂಬ ಅಲಿಖಿತ ಶಾಸನ.

ಹಗ್ಗದ ಆ ತುದಿ

ಮೂರನೆಯ ದಿನ ಸಂಜೆ, ದಾದಿಯನ್ನು ಓಲೈಸಿ ಕರೆತರುವ ಉದ್ದೇಶದಿಂದ ನಾನು ಅವಳ ಓಣಿಗೆ ಹೋದೆನು. ಅವಳು ಗದ್ದೆಯಿಂದ ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು, ತನ್ನ ಅರೆತೂಕದ ತಮ್ಮನನ್ನು ಟೊಂಕದ ಮೇಲೆ ಕೂರಿಸಿಕೊಂಡು, ಆ ಭಾರಕ್ಕೆ ಬೆನ್ನನ್ನು ಒಂದು ಕಡೆಗೆ ಬಾಗಿಸಿ ನಿಂತಿದ್ದಳು. ನಮ್ಮ ಮೊಮ್ಮಗಳನ್ನು ಆ ಹುಡುಗಿಯ ತಾಯಿ ಎತ್ತಿಕೊಳ್ಳುವುದೂ ಅದೇ ಭಂಗಿಯಲ್ಲಿಯೇ.

“ಸಾಲಿಗಿ ಹೋಗಿಲ್ಲೇನವ್ವ?” ಎಂದೆ.

“ನೆಲ್ಲು ಹಚ್ಚೂದು ಮುಗದ ಮ್ಯಾಲೆ ಹೊಕ್ಕೀನ್ರಿ.”

ಮಾಳಿಗೆಯ ಮೀಟಿಂಗಿನಿಂದ ಹೊರಟು ಸೊಸೆಯ ಕೈಯನ್ನು ದಾಟಿ, ದಾದಿಯ ಕೈಯನ್ನು ದಾಟಿ ಬಂದ ತೊಟ್ಟಿಲ ಹಗ್ಗದ ಆ ತುದಿಯು ಇಲ್ಲಿಗೆ ಬಂದು ನಿಂತಿತ್ತು. ನಾಟಿಯಿಲ್ಲದ ದಿನಗಳಲ್ಲಿ ಆ ಕೂಸನ್ನು ಅದರ ಅಜ್ಜಿ ನೋಡಿಕೊಳ್ಳುತ್ತಿದ್ದಳಂತೆ. ನಾಟಿ ಬಂತೆಂದರೆ ಅಜ್ಜಿಯೂ ಗದ್ದೆಗೆ. ಹದಿನಾಲ್ಕು ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರಿನಿಂದ ನಿಷಿದ್ಧ. 2016ರ ತಿದ್ದುಪಡಿಯಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಯಾವ ಉದ್ಯೋಗಕ್ಕೂ ಅವರನ್ನು ಇಡುವಂತಿಲ್ಲ. ಆದರೆ ತಮ್ಮನನ್ನು ಅಕ್ಕನು ಎತ್ತಿಕೊಳ್ಳುವುದನ್ನು ಯಾವ ಕಾಯ್ದೆಯೂ ಉದ್ಯೋಗವೆನ್ನದು. ಅವಳ ಹಾಜರಿಪುಸ್ತಕದ ಖಾಲಿ ಮನೆಗಳಿಗೆ ಕಾರಣವೆಂದು ಯಾರ ಹೆಸರೂ ಬರೆಯಲ್ಪಡದು.

ಅಂಗನವಾಡಿಯ ಶಾಲಾಪೂರ್ವ ಶಿಕ್ಷಣವು ಮೂರು ವರ್ಷ ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರ, ಚುಚ್ಚುಮದ್ದುಗಳ ನೆರವು. ತೆವಳುವ, ಬೀಳುವ, ಬಾಯಿಗೆ ಕಲ್ಲು ಹಾಕಿಕೊಳ್ಳುವ ಆ ಮೊದಲ ಮೂರು ವರುಷಗಳೇ ಎಲ್ಲ ತಾಯಂದಿರಿಗೂ ದಾಟಲಾರದ ಹಳ್ಳ. ಅದನ್ನು ಕಂಡೇ ಕರ್ನಾಟಕ ಸರ್ಕಾರವು 2023-24ರ ಆಯವ್ಯಯದಲ್ಲಿ, ಕೂಲಿಗೆ ಹೋಗುವ ತಾಯಂದಿರ ಶಿಶುಗಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಘೋಷಿಸಿತು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಅವರ ಕೈಗೆ ಕೂಸುಗಳನ್ನು ಒಪ್ಪಿಸುವ ಆ ಯೋಜನೆಯ ಹೆಸರೂ ಅರ್ಥವೂ ಎರಡೂ ಸೊಗಸು.

ಆದರೆ ನಮ್ಮ ದಾದಿಯ ಓಣಿ ಇರುವುದು ನಗರಸಭೆಯ ಮೇರೆಯೊಳಗೆ. ಗ್ರಾಮ ಪಂಚಾಯಿತಿಯ ಕೂಸಿನ ಮನೆಯು ಅವಳದಲ್ಲ. ಕಂಪನಿಯ ಶಿಶುಗೃಹವೂ ಅವಳದಲ್ಲ. ಯಲಬುರ್ಗಾ, ಕುಷ್ಟಗಿಗಳ ಮಳೆಯಾಶ್ರಿತ ಸೀಮೆಯಿಂದ ಗುಳೆ ಹೊರಟು ದೂರದ ನಗರಗಳ ಕಟ್ಟಡಗಳಲ್ಲಿ ಕಲ್ಲು ಮಣ್ಣು ಹೊರುವ ಹೆಂಗಸರದೂ ಇದೇ ಕಥೆ: ಐವತ್ತು ಮಂದಿಗಿಂತ ಹೆಚ್ಚು ಹೆಂಗಸರಿದ್ದರಷ್ಟೆ 1996ರ ಕಾಯ್ದೆಯು ಕಣ್ತೆರೆಯುತ್ತಿತ್ತು, ನಲವತ್ತು ಮಂದಿಯ ಕಾಮಗಾರಿಯಲ್ಲಿ ಮರಳಿನ ಗುಡ್ಡೆಯೇ ಕೂಸಿನ ಮನೆಯಾಗಿತ್ತು. ಹಳ್ಳಿಯ ಕೂಸಿಗೊಂದು ಮನೆಯಿರಬಹುದಾದರೆ ಗಂಗಾವತಿ, ಕೊಪ್ಪಳದಂಥ ಪಟ್ಟಣದ ಪ್ರತಿಯೊಂದು ವಾರ್ಡಿಗೂ ಒಂದಿರಬಾರದೇಕೆ? ಅಲ್ಲಿ ದಾದಿಯ ಕೂಸೂ ಆಡಲಿ, ಲ್ಯಾಪ್‌ಟಾಪಿನವಳ ಕೂಸೂ ಆಡಲಿ.

> ದಾದಿಯನ್ನು ನೇಮಿಸುವ ಮುನ್ನ
>
> • ಹದಿನೆಂಟು ತುಂಬಿದವಳನ್ನೇ ಕರೆಯಿರಿ. ‘ಕೂಸಿನ ಜೊತೆ ಆಡಿಕೊಂಡಿರಲಿ’ ಎಂದು ಎಳೆಯ ಹುಡುಗಿಯನ್ನು ತರುವುದು ಅಪರಾಧವಾದೀತು.
> • ತಾಸು, ಸಂಬಳ, ವಾರದ ರಜೆ, ಸುಗ್ಗಿ ಮತ್ತು ನಾಟಿಯ ರಜೆ: ಮೊದಲ ದಿನವೇ ಮಾತಾಗಲಿ. ಕೂಸು ಹಿಡಿಯುವವಳಿಗೆ ಪಾತ್ರೆ, ಬಟ್ಟೆಗಳನ್ನೂ ಹೊರಿಸಬೇಡಿರಿ.
> • ಕೆಲವು ದಿನ ತಾಯಿಯ ಎದುರಿನಲ್ಲಿಯೇ ಕೂಸು ಅವಳಿಗೆ ಒಗ್ಗಿಕೊಳ್ಳಲಿ.
> • ನೀರಿನ ತೊಟ್ಟಿ, ಮೆಟ್ಟಿಲು, ಒಲೆ: ಈ ಮೂರನ್ನು ಒಟ್ಟಿಗೆ ಸುತ್ತಿ ತೋರಿಸಿರಿ. ಮಕ್ಕಳ ಸಹಾಯವಾಣಿ 1098ನ್ನು ಗೋಡೆಗೆ ಬರೆದಿಡಿರಿ.
> • ಅವಳ ಕೂಸು ಎಲ್ಲಿದೆಯೆಂದು ಕೇಳಿರಿ.

ಪಡಸಾಲೆಯಲ್ಲಿ ಎರಡು ಕೂಸು

ಕೊನೆಯ ಪ್ರಶ್ನೆಯನ್ನು ನಾವು ಎಂಟು ತಿಂಗಳ ಕಾಲ ಕೇಳಿರಲಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ, ಹುಡುಗಿಯು ಟೊಂಕ ಬಾಗಿಸಿ ನಿಂತಿದ್ದುದನ್ನು ನಾನು ಹೇಳಿದೆನು. ಸೊಸೆಯು ತುತ್ತನ್ನು ತಟ್ಟೆಯಲ್ಲಿಯೇ ಬಿಟ್ಟಳು. ಮಗನು ಬಹಳ ಹೊತ್ತು ಸುಮ್ಮನಿದ್ದು, ತನ್ನ ಕೆಲಸದ ಅರ್ಧವನ್ನು ಮಧ್ಯಾಹ್ನದಿಂದ ರಾತ್ರಿಗೆ ಸರಿಸಿಕೊಳ್ಳಲು ಕಚೇರಿಯವರನ್ನು ಕೇಳುವೆನೆಂದನು. ಮರುದಿನ ಕೇಳಿದನು, ಅವರು ಒಪ್ಪಿದರು. ಕೇಳುವುದಕ್ಕೆ ಇಷ್ಟು ದಿನ ಅವನಿಗೆ ಹೊಳೆದಿರಲಿಲ್ಲ, ಅಷ್ಟೆ.

ಏರ್ಪಾಡು ಹೀಗಾಯಿತು. ನಾಟಿಯ ವಾರಗಳು ದಾದಿಗೆ ಅರ್ಧ ಸಂಬಳದ ರಜೆ. ಉಳಿದ ದಿನಗಳ ಸಂಬಳವು ನಾಟಿಯ ಕೂಲಿಗೆ ಹೆದರಬೇಕಾಗದಷ್ಟು ಏರಬೇಕು. ಹುಡುಗಿಯು ನಾಳೆಯಿಂದಲೇ ಶಾಲೆಗೆ. ಅವಳ ತಮ್ಮನು, ಅಜ್ಜಿ ಗದ್ದೆಯಲ್ಲಿರುವಷ್ಟು ದಿನ, ನಮ್ಮ ಪಡಸಾಲೆಗೆ. ಮುಂಜಾನೆಯ ಪಾಳಿ ನನ್ನದು, ಮಧ್ಯಾಹ್ನದ್ದು ಮಗನದು. ಐವರು ಧಾತ್ರಿಯರಲ್ಲಿ ಕೊನೆಯವಳ ಹುದ್ದೆಯು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನಗೆ ದೊರೆಯಿತು. ತೊಡೆಯೊಂದನ್ನು ಬಿಟ್ಟು ಬೇರೆ ಅರ್ಹತೆಯನ್ನು ಯಾರೂ ಕೇಳಲಿಲ್ಲ. ದಾದಿಗೆ ಮಾತ್ರ ಈ ನೇಮಕದಲ್ಲಿ ನಂಬಿಕೆ ಹುಟ್ಟಲಿಲ್ಲ: “ನಿಮ್ಮ ಕೈಯಾಗ ಕೂಸು ಅಳಂಗಿಲ್ಲೇನ್ರೀ?”

ಅತ್ತುವು. ಒಂದು ಅತ್ತರೆ ಇನ್ನೊಂದೂ ಅತ್ತಿತು. ಒಂದು ಬೊಂಬೆಗೆ ಎರಡು ಜಗಳವಾಯಿತು. ಮೊದಲ ವಾರದಲ್ಲಿ ನನ್ನ ಕನ್ನಡಕ ಮುರಿಯಿತು, ಮಗನ ಮೀಟಿಂಗಿನಲ್ಲಿಯೂ ಒಂದು ಕೂಸು ಕೈಬೀಸಿತು. ಸೊಸೆಯ ವರದಿಯು ಹೇಳಿದ ದಿನಕ್ಕೇ ಹೋಯಿತು.

ಶನಿವಾರ ಸಂಜೆ ದಾದಿಯು ಗದ್ದೆಯಿಂದ ನೇರವಾಗಿ ಬಂದಳು. ಮೊಣಕಾಲಿನವರೆಗೆ ಕೆಸರು ಒಣಗಿತ್ತು; ಹೊಸ್ತಿಲಾಚೆಯೇ ನಿಂತು ಕೈ ತೊಳೆದುಕೊಂಡಳು. ಅವಳ ದನಿ ಕೇಳಿದೊಡನೆ ಎರಡೂ ಕೂಸುಗಳು ಆಟಿಕೆಗಳನ್ನು ಬಿಟ್ಟು ಏಕಕಾಲದಲ್ಲಿ ಅವಳತ್ತ ತೆವಳತೊಡಗಿದುವು. ನಮ್ಮದೇ ತುಸು ಮುಂದಿತ್ತು.

ಅವಳು ಬಗ್ಗಿ, ಮೊದಲು ತನ್ನದನ್ನು ಎತ್ತಿಕೊಂಡಳು. ಅದು ನ್ಯಾಯವಾಗಿತ್ತು. ಅಷ್ಟರಲ್ಲಿ ಸೊಸೆಯು ಮಾಳಿಗೆಯ ಮೆಟ್ಟಿಲುಗಳನ್ನು ಆ ದಿನದ ಮಟ್ಟಿಗೆ ಕೊನೆಯ ಸಲ ಇಳಿದು ಬಂದು ನಮ್ಮದನ್ನು ಎತ್ತಿಕೊಂಡಳು.